ಹಾಲಿನ ಸೈಕಲ್ಲಿಗೆ ಹೊಸ ಪೈಪು: ಲಗ್ ಉಳಿಸಿಕೊಂಡು ಹಿತ್ತಾಳೆ ಬೆಸುಗೆ

ಕೆಲಸ ಇಷ್ಟು. ಹಳೇ 24 ಇಂಚಿನ ದೊಡ್ಡ ಸೈಕಲ್ಲು. ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೆಳಗಿನ ಪೈಪು ಮೇಲ್ತುದಿಯಲ್ಲಿ ಸೀಳಿದೆ. ಆ ಒಂದು ಪೈಪನ್ನು ಮಾತ್ರ ತೆಗೆದು ಬೇರೆ ಕೂರಿಸಬೇಕು, ಉಳಿದ ಫ್ರೇಮು ಅಲುಗಬಾರದು. ಲಗ್ ಅಂದರೆ ಪೈಪುಗಳು ಸೇರುವ ಕಡೆ ಅವುಗಳ ತುದಿ ಹೊಕ್ಕು ಕೂರುವ ಉಕ್ಕಿನ ತೋಳು. ಸೈಕಲ್ಲು ಚಿಕ್ಕಪ್ಪನದು. ಮಂಡ್ಯದಾಚೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ ದಿನಾ ಬೆಳಿಗ್ಗೆ, ಸಂಜೆ ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವ ಗಾಡಿ. ಹೊಸದು ತೆಗೆದುಕೊಳ್ಳಿ ಅಂದಿದ್ದಕ್ಕೆ, "ಹೊಸಾದು ತಕ್ಕಂಡು ಏನ್ಲಾ ಮಾಡ್ಲಿ? ಎರಡು ಕ್ಯಾನ್ ಮಡಗಿದ್ರೆ ಕ್ಯಾರಿಯರ್ ಬಗ್ಗೋಯ್ತದೆ. ಇದ್ನೇ ಸರಿ ಮಾಡ್ಕೊಡು" ಅಂದರು. ಮಾತು ಮುಗಿಯಿತು.

ಹಂತ 1: ಎಲ್ಲಿ ಸೀಳಿದೆ ಅಂತ ನೋಡಿದ್ದು

ಬಣ್ಣ ಕೆರೆದು ನೋಡಿದರೆ ಲಗ್ ಅಂಚಿಗೆ ಅಂಟಿಕೊಂಡು ಒಂದು ದಪ್ಪ ವೆಲ್ಡಿಂಗ್ ಗಡ್ಡೆ. ಹಿಂದೊಮ್ಮೆ ಇದೇ ಜಾಗ ಬಿಟ್ಟಾಗ ಯಾವುದೋ ಅಂಗಡಿಯಲ್ಲಿ ಆರ್ಕ್ ವೆಲ್ಡಿಂಗ್ ಮಾಡಿಸಿದ್ದರಂತೆ. ಗಡ್ಡೆ ಗಟ್ಟಿಯಾಗಿಯೇ ಇದೆ. ಬಿಟ್ಟಿರುವುದು ಅದರ ಪಕ್ಕದ ಪೈಪು, ಗಡ್ಡೆಯ ಅಂಚನ್ನೇ ಹಿಡಿದುಕೊಂಡು ಹೋಗಿದೆ. ತೆಳು ಪೈಪಿನ ಮೇಲೆ ಆರ್ಕ್ ಹಾಕಿದಾಗ ಯಾವಾಗಲೂ ಇದೇ ಕಥೆ ಅಲ್ವಾ? ವೆಲ್ಡಿಂಗ್ ಬಿಡಲಿಲ್ಲ ನೋಡಿ ಅಂತ ಅಂಗಡಿಯವರು ಹೆಮ್ಮೆಪಡುತ್ತಾರೆ, ಪಕ್ಕದಲ್ಲಿ ಪೈಪು ಬಾಯಿ ಬಿಟ್ಟಿರುತ್ತದೆ.

ಸೀಳು ಎಷ್ಟು ಉದ್ದ ಅಂತ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಸೀಮೆಎಣ್ಣೆ ಮತ್ತು ಸೀಮೆಸುಣ್ಣ ಸಾಕು. ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟೆ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದೆ. ಸೀಳಿನೊಳಗೆ ಉಳಿದ ಎಣ್ಣೆ ನಿಧಾನಕ್ಕೆ ಜಿನುಗಿ, ಬಿಳಿ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ದಾರ ಇಟ್ಟು ಅಳೆದರೆ 31 ಮಿ.ಮೀ. ಪೈಪಿನ ಸುತ್ತಳತೆಯೇ 90. ಮೂರನೇ ಒಂದು ಭಾಗ ಆಗಲೇ ಹೋಗಿದೆ. ಈ ಸ್ಥಿತಿಯಲ್ಲಿ ಹಾಲು ಹೊರುತ್ತಿದ್ದರು.

ಅಳತೆಗಳು: ಕೆಳಗಿನ ಪೈಪಿನ ಹೊರವ್ಯಾಸ 28.6 ಮಿ.ಮೀ., ಅಂದರೆ 1 1/8 ಇಂಚು. ಗೋಡೆಯ ದಪ್ಪ 1.4. ಹ್ಯಾಂಡಲ್ ಕೆಳಗಿನ ಗಿಡ್ಡ ಹೆಡ್ ಪೈಪು ಹೆಚ್ಚೂಕಮ್ಮಿ 32. ಕೊಯ್ಯುವ ಮೊದಲೇ ಫ್ರೇಮಿನ ನೇರವನ್ನೂ ಅಳೆದು ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟೆ. ಹೆಡ್ ಪೈಪಿಗೆ ದಾರ ಸುತ್ತಿ, ಎರಡೂ ತುದಿಯನ್ನು ಹಿಂಚಕ್ರ ಕೂರುವ ಜಾಗಕ್ಕೆ ಎಳೆದು ಕಟ್ಟಿ, ದಾರದಿಂದ ಸೀಟ್ ಪೈಪಿಗೆ ಎಡಕ್ಕೆಷ್ಟು ಬಲಕ್ಕೆಷ್ಟು ಅಂತ ನೋಡುವುದು. ಎಡ, ಬಲಕ್ಕೆ 2 ಮಿ.ಮೀ. ವ್ಯತ್ಯಾಸ ಇತ್ತು. ಈ ಒಂದು ಅಂಕಿ ಬರೆದಿಟ್ಟಿದ್ದು ಕೊನೆಯಲ್ಲಿ ಬಹಳ ಉಪಯೋಗಕ್ಕೆ ಬಂತು.

ಹಂತ 2: ಯಾವ ಪೈಪು, ಯಾವ ಬೆಸುಗೆ

ಮೊದಲು ಯೋಚಿಸಿದ್ದು ಒಳಗೊಂದು ತುಂಡು ಪೈಪು ತೂರಿಸಿ ಸೀಳನ್ನು ಮುಚ್ಚುವುದು. ಸೀಳು ಪೈಪಿನ ಮಧ್ಯದಲ್ಲಿದ್ದರೆ ಅದು ಒಳ್ಳೇ ದಾರಿ. ಇಲ್ಲಿ ಲಗ್ ಅಂಚಿನಲ್ಲೇ ಇದೆ, ಮೇಲ್ಗಡೆ ಹಿಡಿಯುವುದಕ್ಕೆ ಒಳ್ಳೇ ಪೈಪೇ ಉಳಿದಿಲ್ಲ. ಹಾಗಾಗಿ ಪೂರ್ತಿ ಬದಲಾಯಿಸುವುದೇ ಸರಿ.

28.6 ಪೈಪು ಹುಡುಕುವುದು ತಲೆನೋವು. ಕುರ್ಚಿ, ಮೇಜು ಮಾಡುವ ಪೈಪು ಒಂದು ಇಂಚು ಸಿಗುತ್ತದೆ, ಒಂದೂಕಾಲು ಇಂಚು ಸಿಗುತ್ತದೆ, ನಡುವಿನದು ಮೈಸೂರಿನ ಪೈಪ್ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಗಟ್ಟಿ ಉಕ್ಕು) ಪೈಪು ತರಿಸಬಹುದಿತ್ತು. 0.9 ಮಿ.ಮೀ. ಗೋಡೆಯದು ಹಾಕಿದರೆ ಈ ಒಂದು ಪೈಪಿನಲ್ಲೇ ಸುಮಾರು 200 ಗ್ರಾಂ ಉಳಿಯುತ್ತದೆ. ಆದರೆ 40 ಲೀಟರ್ ಹಾಲು ಹೊರುವ ಗಾಡಿಗೆ 200 ಗ್ರಾಂ ಉಳಿಸಿ ಏನು ಮಾಡಬೇಕು? ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಕ್ರೋಮೋಲಿ ಬೇಗ ಬಗ್ಗಿ ನಿಲ್ಲುವುದಿಲ್ಲ, ಮುರಿಯುವುದಿಲ್ಲ, ಅದು ನಿಜ. ಆದರೆ ಭಾರ ಬಿದ್ದಾಗ ಬಳುಕುವ ವಿಷಯದಲ್ಲಿ ಮಾಮೂಲಿ ಉಕ್ಕಿಗೂ ಅದಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಮ್ಮಿ. ಬಳುಕನ್ನು ತೀರ್ಮಾನಿಸುವುದು ಪೈಪಿನ ವ್ಯಾಸ ಮತ್ತು ಗೋಡೆಯ ದಪ್ಪ. 1.4 ತೆಗೆದು 0.9 ಹಾಕಿದರೆ ಫ್ರೇಮು ಇನ್ನೂ ಜಾಸ್ತಿ ಓಲಾಡುತ್ತದೆ.

ಕೊನೆಗೆ ಗುಜರಿಯಲ್ಲಿ ಇದೇ ಅಳತೆಯ ಇನ್ನೊಂದು ಫ್ರೇಮು ಸಿಕ್ಕಿತು, 350 ರೂಪಾಯಿ. ಹಿಂಭಾಗ ನಜ್ಜುಗುಜ್ಜು, ಕೆಳಗಿನ ಪೈಪು ಮಾತ್ರ ನೆಟ್ಟಗಿತ್ತು. ಅದರ ಲಗ್‌ಗಳನ್ನು ಗ್ರೈಂಡರಿನಲ್ಲಿ ಸೀಳಿ, ಕಾಯಿಸಿ ಪೈಪು ಎಳೆದುಕೊಂಡೆ. ಅದೃಷ್ಟಕ್ಕೆ ಆ ಪೈಪು ಪೆಡಲ್ ಗೂಡಿನೊಳಕ್ಕೆ (ಪೆಡಲ್ ಆಕ್ಸಲ್ ಕೂರುವ ಅಡ್ಡ ಕೊಳವೆ) ಸ್ವಲ್ಪ ಚಾಚಿಕೊಂಡಿತ್ತು, ಹಾಗಾಗಿ ಉದ್ದದಲ್ಲಿ 15 ಮಿ.ಮೀ. ಜಾಸ್ತಿಯೇ ಸಿಕ್ಕಿತು. ಒಳಗೆ ಬೆರಳಾಡಿಸಿದರೆ ಉದ್ದಕ್ಕೂ ಒಂದು ಏಣು. ಪಟ್ಟಿ ಸುತ್ತಿ ವೆಲ್ಡ್ ಮಾಡಿದ ಇ.ಆರ್.ಡಬ್ಲ್ಯೂ. ಪೈಪು, ಮಾಮೂಲಿ ಉಕ್ಕು. ಹಳೆಯದೂ ಅದೇ.

ಬೆಸುಗೆ ಯಾವುದು ಅನ್ನುವುದು ಪೈಪಿನ ಮೇಲೆ ನಿಂತಿದೆ. 1935ರಲ್ಲಿ ಬಂದ, ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿಯ 531 ಅಂಥ ಮ್ಯಾಂಗನೀಸ್-ಮಾಲಿಬ್ಡಿನಮ್ ಪೈಪಿಗೆ ವೆಲ್ಡಿಂಗ್ ಆಗಿಬರುವುದಿಲ್ಲ, ಲಗ್ ಹಾಕಿ ಬ್ರೇಜಿಂಗ್ ಮಾಡಬೇಕು, ಅಂದರೆ ಪೈಪನ್ನು ಕರಗಿಸದೆ ಸಂದಿಗೆ ಬೇರೆ ಲೋಹ ಹರಿಸಿ ಬೆಸೆಯಬೇಕು. ಅದೇ ಕಂಪನಿಯ 1995ರ 853 ಬಂದ ಮೇಲೆ ಟಿಗ್ ವೆಲ್ಡಿಂಗ್ (ವಿದ್ಯುತ್ ಕಿಡಿಯಲ್ಲಿ ಪೈಪನ್ನೇ ಕರಗಿಸುವುದು) ಮಾಡಿದರೂ ಬೆಸುಗೆಯ ಪಕ್ಕ ಮೆತ್ತಗಾಗದ ಪೈಪು ಸಿಕ್ಕಿತು. ನನ್ನ ಕೈಯಲ್ಲಿರುವುದು ಹಾಲಿನ ಸೈಕಲ್ಲು, ಲಗ್ ಆಗಲೇ ಇದೆ. ಲಗ್ ಇದ್ದ ಮೇಲೆ ಪೈಪನ್ನು ಕರಗಿಸುವ ಯಾವ ವೆಲ್ಡಿಂಗೂ ಬೇಡ. ಬೆಳ್ಳಿಯೋ ಹಿತ್ತಾಳೆಯೋ ಅಷ್ಟೇ ಪ್ರಶ್ನೆ.

ಬೆಳ್ಳಿಗೆ ಆಸೆ ಇತ್ತು. 56 ಭಾಗ ಬೆಳ್ಳಿ ಇರುವ ಕಡ್ಡಿ 650 ಡಿಗ್ರಿ ಆಸುಪಾಸಿನಲ್ಲೇ ಹರಿಯುತ್ತದೆ, ಹಿತ್ತಾಳೆಗೆ 880ರಿಂದ 900 ಬೇಕು. ಕಮ್ಮಿ ಶಾಖದಲ್ಲಿ ಮುಗಿದರೆ ಪಕ್ಕದ ಹಳೇ ಹಿತ್ತಾಳೆ ಜಾಯಿಂಟುಗಳು ಅಲುಗುವುದಿಲ್ಲ. ಆದರೆ ಬೆಳ್ಳಿ ನೀರಿನಷ್ಟು ತೆಳ್ಳಗೆ ಹರಿಯುವುದರಿಂದ ಪೈಪಿಗೂ ಲಗ್ಗಿಗೂ ನಡುವೆ 0.1 ಮಿ.ಮೀ. ಆಸುಪಾಸಿನ ಸಂದು ಇರಬೇಕು. ಇಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿದರೆ ಕೆಲವು ಕಡೆ 0.3, ಒಂದು ಕಡೆ 0.4. ಅಷ್ಟು ಸಂದನ್ನು ತುಂಬುವುದು ಹಿತ್ತಾಳೆಯೇ. ಬೆಳ್ಳಿಯ ಈಗಿನ ಬೆಲೆ ನೋಡಿದ ಮೇಲೆ ಬೇಜಾರೂ ಆಗಲಿಲ್ಲ. ಯಾರಾದರೂ ಬೆಳ್ಳಿ ಕಡ್ಡಿ ತೆಗೆದುಕೊಳ್ಳುವುದಾದರೆ ಕ್ಯಾಡ್ಮಿಯಂ ಇಲ್ಲದ್ದು ಅಂತ ಕೇಳಿ ತೆಗೆದುಕೊಳ್ಳಿ, ಅದರ ಹೊಗೆ ವಿಷ.

ಹಂತ 3: ಹಳೇ ಪೈಪು ತೆಗೆಯುವುದು

ಎರಡೂ ಲಗ್‌ಗಳಿಂದ 40 ಮಿ.ಮೀ. ಬಿಟ್ಟು ಹ್ಯಾಕ್ಸಾದಲ್ಲಿ ಕೊಯ್ದೆ. ಉಳಿದ ಮೋಟುಗಳನ್ನು ಕಾಯಿಸಿ ಎಳೆಯುವುದು ಸುಲಭ ಅನ್ನಿಸುತ್ತದೆ. ಆದರೆ ಕೆಳಗಿನ ಹೆಡ್ ಲಗ್ ಕಾಯಿಸಿದರೆ ಹೆಡ್ ಪೈಪೂ ಸಡಿಲ ಆಗುತ್ತದೆ. ಪೆಡಲ್ ಗೂಡು ಕಾಯಿಸಿದರೆ ಸೀಟ್ ಪೈಪು, ಹಿಂದಿನ ಎರಡು ಕಡ್ಡಿ ಎಲ್ಲವೂ ಸಡಿಲ. ಬೆಸುಗೆ ಹಾಕುವಾಗ ಹೇಗೂ ಒಂದು ಸಲ ಕಾಯಿಸಲೇಬೇಕು, ಅದಕ್ಕೆ ಮುಂಚೆ ಇನ್ನೊಂದು ಸಲ ಯಾಕೆ? ಹಾಗಾಗಿ ತಣ್ಣಗೇ ತೆಗೆದೆ.

ಲಗ್ ಪಕ್ಕದಲ್ಲಿ ಬಣ್ಣದ ಕೆಳಗೆ ಒಂದು ಸಣ್ಣ ಚುಕ್ಕೆ ಕಂಡಿತು. ಕಾರ್ಖಾನೆಯಲ್ಲಿ ಕಾಯಿಸುವ ಮುಂಚೆ ಪೈಪು ಜಾರದಂತೆ ಹೊಡೆದ ಪಿನ್ನು. 3 ಮಿ.ಮೀ. ಡ್ರಿಲ್ಲಿನಲ್ಲಿ ಅದನ್ನು ತೆಗೆದೆ. ಆಮೇಲೆ ಬರೀ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಮೋಟಿನ ಒಳಗಿನಿಂದ ಉದ್ದಕ್ಕೆ ಸೀಳುತ್ತಾ ಹೋದೆ. ಕಬ್ಬಿಣ ಕೊಯ್ಯುವಾಗ ಪುಡಿ ಬೂದಿ ಬಣ್ಣ. ಹಿತ್ತಾಳೆ ಮುಟ್ಟಿದ ಕೂಡಲೇ ಹಳದಿ ಪುಡಿ ಉದುರುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಇನ್ನು ನಾಲ್ಕು ಸಲ ಎಳೆದರೆ ಲಗ್ಗಿಗೇ ಗಾಯ. ಹೀಗೆ ಮೂರು ಕಡೆ ಸೀಳಿ, ಸಣ್ಣ ಚಾಣದಲ್ಲಿ ಒಳಕ್ಕೆ ಮಡಚಿದರೆ ಒಂದೊಂದೇ ಪಟ್ಟಿ ಬಿಟ್ಟು ಬರುತ್ತದೆ. ಬೇಜಾರಿನ ಕೆಲಸ, ಬೆರಳು ತರಚಿಕೊಳ್ಳುತ್ತದೆ, ಬೇರೆ ದಾರಿ ಇಲ್ಲ.

ಮೇಲಿನ ಮೋಟು ಹೊರಗೆ ಬಂದ ಮೇಲೆ ಗೊತ್ತಾಯಿತು: ಹಳೇ ಪೈಪಿನ ತುದಿಯನ್ನು ನೆಟ್ಟಗೆ ಕೊಯ್ದು ಹಾಗೇ ತೂರಿಸಿದ್ದರು. ಹೆಡ್ ಪೈಪಿನ ಗುಂಡಗಿನ ಮೈಗೆ ಅದು ಕೂತೇ ಇರಲಿಲ್ಲ, ನಡುವೆ ಖಾಲಿ. ಇಷ್ಟು ವರ್ಷ ಪೂರ್ತಿ ಭಾರ ಹೊತ್ತಿದ್ದು ಲಗ್ ಒಂದೇ.

ಹಂತ 4: ಪೈಪಿನ ತುದಿ ಕೆತ್ತುವುದು

ಹೊಸ ಪೈಪಿನ ಮೇಲ್ತುದಿಯನ್ನು ಹೆಡ್ ಪೈಪಿನ ಮೈಗೆ ಸರಿಯಾಗಿ ಒರಗುವಂತೆ ಬಾಯಿ ಕೆತ್ತಿದೆ. ಕಾಗದದ ಮಾದರಿ ಸುತ್ತಿ ಗೆರೆ ಎಳೆದು, ಹ್ಯಾಕ್ಸಾದಲ್ಲಿ ಒರಟಾಗಿ ಕೊಯ್ದು, ಉಳಿದದ್ದೆಲ್ಲ 10 ಇಂಚಿನ ಅರೆಗುಂಡು ಅರದಲ್ಲಿ. ಅರ ಹೊಸದೇ ತೆಗೆದುಕೊಳ್ಳಿ, ಮೊಂಡು ಅರದಲ್ಲಿ ಈ ಕೆಲಸ ಆಗುವುದಿಲ್ಲ. ಈ ಅಳತೆಯ ಎರಡು ಪೈಪು ನೇರ ಕೋನದಲ್ಲಿ ಸೇರಿದರೂ ಬಾಯಿಯ ಆಳ 9 ಮಿ.ಮೀ. ಹತ್ತಿರ ಬರುತ್ತದೆ, ಇಲ್ಲಿ ಕೋನ ಓರೆ ಬೇರೆ. ನೋಡುವ ವಿಧಾನ ಒಂದೇ: ಹೆಡ್ ಪೈಪಿನಷ್ಟೇ ದಪ್ಪದ ತುಂಡಿಗೆ ಒತ್ತಿ ಹಿಡಿದು ಬಿಸಿಲಿಗೆ ಒಡ್ಡುವುದು. ಬೆಳಕು ಎಲ್ಲಿ ತೂರುತ್ತದೋ ಅದರ ಎದುರು ಕಡೆ ಅರ ಹಾಕುವುದು. ಕೊನೆಗೆ ಒಂದು ಕಡೆ ಮಾತ್ರ ಕೂದಲೆಳೆ ಬೆಳಕು ಉಳಿಯಿತು, ಅಷ್ಟಕ್ಕೆ ಬಿಟ್ಟೆ.

ಈಗ ಪೇಚು. ಎರಡೂ ಲಗ್ ಗಟ್ಟಿಯಾಗಿ ಕೂತಿವೆ, ಪೈಪು ಎರಡರೊಳಗೂ ಹೋಗಬೇಕು, ತೂರಿಸುವುದು ಹೇಗೆ? ಪೆಡಲ್ ಗೂಡಿನ ಬೇರಿಂಗ್ ಕಪ್‌ಗಳು (ಗುಂಡು ಕೂರುವ ಬಟ್ಟಲು), ಆಕ್ಸಲ್ ಎಲ್ಲ ಬಿಚ್ಚಿದರೆ ಒಳಗೆ ಖಾಲಿ ಜಾಗ. ಪೈಪನ್ನು ಮೊದಲು ಆ ಗೂಡಿನೊಳಕ್ಕೆ ಆದಷ್ಟೂ ತಳ್ಳಿ, ಮೇಲ್ತುದಿಯನ್ನು ಹೆಡ್ ಲಗ್ಗಿನ ಬಾಯಿಗೆ ಹೊಂದಿಸಿ, ಮತ್ತೆ ಮೇಲಕ್ಕೆ ಎಳೆಯುವುದು. ಹೆಡ್ ಭಾಗವನ್ನು ಒಬ್ಬರು ಸ್ವಲ್ಪ ಎತ್ತಿ ಹಿಡಿಯಬೇಕಾಯಿತು. ಕಪ್ ಬಿಚ್ಚುವಾಗ ನೆನಪಿರಲಿ, ಚೈನ್ ಕಡೆಯದ್ದು ಉಲ್ಟಾ ಥ್ರೆಡ್ಡು. ಗೂಡಿನ ಥ್ರೆಡ್ಡಿಗೆ ಹಿತ್ತಾಳೆ ಹತ್ತದಂತೆ ಪೆನ್ಸಿಲ್ ಸೀಸವನ್ನು ದಪ್ಪಗೆ ಉಜ್ಜಿದೆ.

ಹಂತ 5: ಗುಜರಿ ಫ್ರೇಮಿನ ಮೇಲೆ ಪರೀಕ್ಷೆ

ಇಡೀ ಕೆಲಸದಲ್ಲಿ ಹೆಚ್ಚು ಕಲಿತದ್ದು ಇಲ್ಲೇ. ಗುಜರಿ ಫ್ರೇಮಿನ ಉಳಿದ ಲಗ್‌ಗಳು, ಪೈಪು ತುಂಡುಗಳು ಇದ್ದವಲ್ಲ, ಮೈಸೂರಿನ ಮನೆ ಟೆರೇಸಿನ ಮೇಲೆ ಎಲ್‌.ಪಿ.ಜಿ. ಟಾರ್ಚಿನಲ್ಲಿ ಶುರು ಮಾಡಿದೆ. ಪೈಪು ಕೆಂಪಗಾಯಿತು. ಪೆಡಲ್ ಗೂಡಿನಂಥ ದಪ್ಪ ಭಾಗ ಎಷ್ಟು ಹೊತ್ತಾದರೂ ಮಂಕು ಕೆಂಪಿನಿಂದ ಮೇಲೇಳಲಿಲ್ಲ. ಅಷ್ಟರಲ್ಲಿ ಬೆಸುಗೆ ಹರಿದು ಹಿಡಿಯಲಿ ಅಂತ ಹಚ್ಚುವ ಫ್ಲಕ್ಸ್ ಸುಟ್ಟು ಕಪ್ಪು ಗಾಜಾಯಿತು. ಹಿತ್ತಾಳೆ ಅದರ ಮೇಲೆ ಗೋಲಿಯಾಗಿ ಉರುಳಿ ಕೆಳಗೆ ಬಿತ್ತು. ಗಾಳಿಯ ಜೊತೆ ಉರಿಯುವ ಟಾರ್ಚು ತೆಳು ಪೈಪಿಗೆ, ಬೆಳ್ಳಿಗೆ ಸಾಕಾಗಬಹುದು, ಗೂಡಿಗೆ ಹಿತ್ತಾಳೆ ಹರಿಸಲು ಸಾಲದು.

ಫ್ಲಕ್ಸಿಗೆ ಮೊದಲು ಗ್ರಂಥಿಗೆ ಅಂಗಡಿಯ ಬಿಳಿಗಾರ ತಂದಿದ್ದೆ. ಹಾಗೇ ಹಾಕಿದರೆ ಉಬ್ಬಿಕೊಂಡು ಕಡ್ಡಿಯನ್ನೇ ತಳ್ಳುತ್ತದೆ. ಅದರಲ್ಲಿರುವ ನೀರಿನಂಶ ಹೋಗಲಿ ಅಂತ ಹೆಂಚಿನ ಮೇಲೆ ಹುರಿದು, ಕುಟ್ಟಿ ಪುಡಿ ಮಾಡಿದರೆ ಹಿತ್ತಾಳೆಗೆ ನಡೆಯುತ್ತದೆ. ಬೆಳ್ಳಿಗೆ ಬರೀ ಬಿಳಿಗಾರ ಆಗುವುದಿಲ್ಲ, ಬೆಳ್ಳಿ ಹರಿಯುವ ಶಾಖಕ್ಕೆ ಅದು ಕರಗಿಯೇ ಇರುವುದಿಲ್ಲ. ಆಮೇಲೆ 80 ರೂಪಾಯಿಗೆ ಬ್ರೇಜಿಂಗ್ ಫ್ಲಕ್ಸ್ ಪುಡಿ ಸಿಕ್ಕಿತು, ಅದೇ ಒಳ್ಳೆಯದು.

ಮುಂದಿನ ಪರೀಕ್ಷೆ ಮಂಡ್ಯದ ಒಂದು ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ, ಆಕ್ಸಿಜನ್-ಅಸಿಟಿಲಿನ್ ಜ್ವಾಲೆಯಲ್ಲಿ. ಅಂಗಡಿ ಮೇಸ್ತ್ರಿ ಒಳ್ಳೆಯವರು, ಟಾರ್ಚು ನನ್ನ ಕೈಗೇ ಕೊಟ್ಟರು. ಮೊದಲ ಜಾಯಿಂಟು ಹೊರಗಿನಿಂದ ಚಿನ್ನದ ಹಾಗೆ ಹೊಳೆಯಿತು. ತಣ್ಣಗಾದ ಮೇಲೆ ಉದ್ದಕ್ಕೆ ಕೊಯ್ದು ನೋಡಿದರೆ ಹಿತ್ತಾಳೆ ಅಂಚಿನಿಂದ ಅರ್ಧದವರೆಗೂ ಒಳಗೆ ಹೋಗಿರಲಿಲ್ಲ. ಅದರಾಚೆ ಪೈಪಿನ ಮೇಲೆ ಬರೀ ಕಪ್ಪು ಮಸಿ. ಮೇಸ್ತ್ರಿ ಆ ತುಂಡನ್ನು ತಿರುಗಿಸಿ ನೋಡಿ, "ಸಾರ್, ನೀವು ಪೈಪ್ ಕಾಯ್ಸಿದ್ದೀರಿ, ಲಗ್ ಕಾಯ್ಸಿಲ್ಲ. ಬೆಂಕಿ ಲಗ್ ಮ್ಯಾಲೆ ಇಡೀರಿ, ಪೈಪು ತಾನೇ ಕಾಯ್ತದೆ" ಅಂದರು. ಎರಡನೇ ಮಾತು: ಹಿತ್ತಾಳೆ ಶಾಖ ಇರುವ ಕಡೆಗೆ ಓಡುತ್ತದೆ. ಕಡ್ಡಿ ಒಂದು ಕಡೆ ಮುಟ್ಟಿಸಿ ಬೆಂಕಿಯನ್ನು ಎದುರು ಕಡೆಗೆ ಒಯ್ದರೆ ಅದು ಹಿಂದೆಯೇ ಬರುತ್ತದೆ.

ಹಾಗೆ ಮಾಡಿದ ತುಂಡನ್ನು ಕೊಯ್ದಾಗ ಲಗ್ಗಿಗೂ ಪೈಪಿಗೂ ನಡುವೆ ಈ ತುದಿಯಿಂದ ಆ ತುದಿವರೆಗೆ ಒಂದೇ ಹಳದಿ ಗೆರೆ. ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ ದಯವಿಟ್ಟು ಪರೀಕ್ಷೆ ಜಾಯಿಂಟು ಮಾಡಿ, ಮಾಡಿ ಸುಮ್ನೆ ಇಡಬೇಡಿ, ಕೊಯ್ದು ನೋಡಿ. ಹೊರಗಿನ ಹೊಳಪು ಏನನ್ನೂ ಹೇಳುವುದಿಲ್ಲ.

ಹಂತ 6: ನಿಜವಾದ ಬೆಂಕಿ

ಪೈಪು, ಲಗ್ ಒಳಗೆಲ್ಲ 80 ನಂಬರ್ ಎಮರಿ ಬಟ್ಟೆ ಹಾಕಿ ಹೊಳೆಯುವವರೆಗೂ ಉಜ್ಜಿದೆ. ಆಮೇಲೆ ಕೈ ಮುಟ್ಟಿಸಬಾರದು, ಬೆವರಿನ ಎಣ್ಣೆಗೂ ಹಿತ್ತಾಳೆಗೂ ಆಗುವುದಿಲ್ಲ. ಫ್ಲಕ್ಸನ್ನು ನೀರಿನಲ್ಲಿ ಕಲಸಿ ಒಳಗೂ ಹೊರಗೂ ಬಳಿದೆ. ಹೆಡ್ ಪೈಪಿನ ಗೋಡೆಯಲ್ಲಿ, ಕೆಳಗಿನ ಪೈಪು ಸೇರುವ ಜಾಗದಲ್ಲಿ 4 ಮಿ.ಮೀ. ತೂತು ಇದೆಯೇ ಅಂತ ನೋಡಿದೆ, ಇರಲಿಲ್ಲ, ಕೊರೆದೆ. ಪೈಪಿನೊಳಗಿನ ಗಾಳಿ ಕಾದು ಹಿಗ್ಗಿದಾಗ ಹೊರಗೆ ಹೋಗಲು ದಾರಿ ಬೇಕು. ಇಲ್ಲದಿದ್ದರೆ ಬೆಸುಗೆಯನ್ನೇ ತಳ್ಳಿಕೊಂಡು ಬರುತ್ತದೆ. ಹಿಂಚಕ್ರದ ಜಾಗಕ್ಕೆ ಹಳೇ ಆಕ್ಸಲ್ ನಟ್ಟು ಹಾಕಿ ಬಿಗಿ ಮಾಡಿದೆ. ಕೆಳತುದಿಯಲ್ಲಿ ಹಳೇ ಪಿನ್ನಿನ ತೂತಿಗೆ ಮೊಳೆ ತುಂಡು ಹೊಡೆದು ಪೈಪನ್ನು ನಿಲ್ಲಿಸಿದೆ.

ಮೊದಲು ಪೆಡಲ್ ಗೂಡು. ಮೇಲ್ತುದಿಗೆ ಆಗ ಮೊಳೆ ಹೊಡೆದಿರಲಿಲ್ಲ, ಕಾದ ಪೈಪು ಉದ್ದಕ್ಕೆ ಹಿಗ್ಗಲಿ ಅಂತ. ದೊಡ್ಡ ನಾಝಲ್, ನ್ಯೂಟ್ರಲ್ (ಗ್ಯಾಸೂ ಆಕ್ಸಿಜನ್ನೂ ಸರಿಸಮ ಇರುವ) ಜ್ವಾಲೆ. ಗೂಡು ಒಂದೇ ಸಮ ಕಿತ್ತಳೆ ಬಣ್ಣಕ್ಕೆ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಫ್ಲಕ್ಸ್ ಮೊದಲು ಬೆಳ್ಳಗೆ ಉಬ್ಬಿ, ಆಮೇಲೆ ತಿಳಿನೀರಿನಂತಾಗಿ ಹರಡುತ್ತದೆ. ಕಡ್ಡಿ ಮುಟ್ಟಿಸಿದ್ದು ಆಮೇಲೆಯೇ. ಒಮ್ಮೆ ಬಿಳಿ ಹೊಗೆ ಎದ್ದಿತು, ತಕ್ಷಣ ಬೆಂಕಿ ಹಿಂದಕ್ಕೆ ಎಳೆದೆ. ಸತು 907 ಡಿಗ್ರಿಗೆ ಕುದಿಯುತ್ತದೆ. ಬಿಳಿ ಹೊಗೆ ಅಂದರೆ ಹಿತ್ತಾಳೆಯೊಳಗಿನ ಸತು ಹೋಗುತ್ತಿದೆ, ಜಾಸ್ತಿ ಕಾದಿದೆ ಅಂತ ಅರ್ಥ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಬಾಗಿಲು ತೆರೆದಿರಲಿ. ಬೆಂಕಿ ಆರಿಸಿದ ಮೇಲೆ ಯಾರೂ ಫ್ರೇಮು ಮುಟ್ಟಲಿಲ್ಲ, ಪಕ್ಕದ ಹಳೇ ಜಾಯಿಂಟುಗಳು ಆಗ ಮೆತ್ತಗೆ ಇರಬಹುದು.

ಹೆಡ್ ಲಗ್ ಸುಲಭವಾಯಿತು, ಒಂದು ಜಾಗ ಬಿಟ್ಟು. ಅಡಿಭಾಗದಲ್ಲಿ ಹಿತ್ತಾಳೆ ಇಣುಕಲೇ ಇಲ್ಲ. ಫ್ಲಕ್ಸ್ ಹಚ್ಚಿ, ಫ್ರೇಮು ತಿರುವಿ ಹಾಕಿ ಮತ್ತೆ ಕಾಯಿಸಿದ ಮೇಲೆ ಅಂಚಿನಲ್ಲಿ ಹಳದಿ ಗೆರೆ ಬಂತು. ಅಂಗಡಿ ಹುಡುಗ ಅಭ್ಯಾಸಬಲದಲ್ಲಿ ಬಕೆಟ್ ನೀರು ತಂದಿದ್ದ, ಬೇಡ ಅಂದೆವು. ತಾನಾಗಿಯೇ ತಣ್ಣಗಾಗಬೇಕು. ಗಾಜಿನಂತೆ ಅಂಟಿದ ಫ್ಲಕ್ಸನ್ನು ಬಿಸಿನೀರಿನ ಬಟ್ಟೆ ಸುತ್ತಿ ರಾತ್ರಿ ಬಿಟ್ಟು, ಬೆಳಿಗ್ಗೆ ತಂತಿ ಬ್ರಷ್ಷಿನಲ್ಲಿ ತೆಗೆದೆ. ಇದನ್ನು ಪೂರ್ತಿ ತೆಗೆಯದೆ ಬಣ್ಣ ಹೊಡೆದರೆ ಕೆಲವೇ ದಿನಕ್ಕೆ ಅಲ್ಲೇ ಉಬ್ಬಿ ತುಕ್ಕು ಬರುತ್ತದೆ.

ಹಂತ 7: ನೇರ, ಬಣ್ಣ, ಭಾರ

ದಾರ ಕಟ್ಟಿ ಅಳೆದೆ. ವ್ಯತ್ಯಾಸ 3 ಮಿ.ಮೀ. ಮೊದಲೇ 2 ಇತ್ತಲ್ಲ, ಹಾಗಾಗಿ ನಮ್ಮ ಪಾಲು ಒಂದು. ಹೆಡ್ ಪೈಪಿನೊಳಗೆ ಉದ್ದನೆಯ ನೆಟ್ಟಗಿನ ಪೈಪು ತೂರಿಸಿ, ಮುಂದೆ ನಿಂತು ಸೀಟ್ ಪೈಪಿನ ಜೊತೆ ಸಮ ಇದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡಿದರೆ ತುಸು ತಿರುಚಿತ್ತು. ಅದೇ ಪೈಪನ್ನೇ ಸನ್ನೆ ಮಾಡಿಕೊಂಡು ಅದುಮಿ ಸರಿಪಡಿಸಿದೆವು. ಮಾಮೂಲಿ ಉಕ್ಕಿನ ಫ್ರೇಮಿನ ದೊಡ್ಡ ಅನುಕೂಲ ಇದು. ಆ 3 ಮಿ.ಮೀ. ಹಾಗೇ ಬಿಟ್ಟೆ.

ಪೈಪಿನೊಳಗೆ ಅಗಸೆ ಎಣ್ಣೆ ಸುರಿದು ಆಡಿಸಿ ಬಸಿದೆ. ಹೊರಗೆ ರೆಡ್ ಆಕ್ಸೈಡ್, ಮೇಲೆ ಕಪ್ಪು ಎನಾಮಲ್. ಎರಡು ಕ್ಯಾನಿಗೂ 20 ಲೀಟರ್ ನೀರು ತುಂಬಿ ನಾಲೆ ಏರಿ ಮೇಲೆ, ಗುಂಡಿ ಬಿದ್ದ ಕಡೆಯೇ ಬೇಕಂತ ಓಡಿಸಿದೆ. ಬಂದು ಲಗ್ ಅಂಚಿಗೆ ಮತ್ತೆ ಸೀಮೆಎಣ್ಣೆ, ಸೀಮೆಸುಣ್ಣ. ಗೆರೆ ಇಲ್ಲ. ಒಂದು ತಿಂಗಳು ಹಾಲು ಹೊತ್ತ ಮೇಲೆ ಇನ್ನೊಮ್ಮೆ ನೋಡಿದೆ, ಆಗಲೂ ಇಲ್ಲ. ಈ ಪರೀಕ್ಷೆಗೆ ಆ ಜಾಗದ ಬಣ್ಣ ಮತ್ತೆ ಕೆರೆದಿದ್ದಕ್ಕೆ ಚಿಕ್ಕಪ್ಪ ಬೈದರು.

ಖರ್ಚು: ಗುಜರಿ ಫ್ರೇಮು 350, ಹಿತ್ತಾಳೆ ಕಡ್ಡಿ 250, ಫ್ಲಕ್ಸ್ 80, ಅರ 380, ಗ್ಯಾಸ್ ಅಂಗಡಿಗೆ 600, ಬ್ಲೇಡು ಮತ್ತು ಎಮರಿ 120, ಬಣ್ಣ 340, ಬೇರಿಂಗ್ ಗುಂಡು, ಗ್ರೀಸು, ಕಾಟರ್ ಪಿನ್ನು (ಪೆಡಲ್ ತೋಳನ್ನು ಆಕ್ಸಲ್ಲಿಗೆ ಬಿಗಿಯುವುದು) 150. ಒಟ್ಟು 2270 ರೂಪಾಯಿ. ಅರ ನನ್ನ ಹತ್ತಿರವೇ ಉಳಿಯಿತು.

ಬಾಕಿ ಇರುವುದು ಎಡಗಡೆಯ ಕಾಟರ್ ಪಿನ್ನು. ಹೊಸದು ಹಾಕಿದರೂ ಎರಡು ದಿನಕ್ಕೆ ಸಡಿಲ ಆಗುತ್ತಿದೆ. ಪಿನ್ನಿನ ಓರೆಗೂ ಆಕ್ಸಲ್ ಕಚ್ಚಿಗೂ ಹೊಂದಿಕೆ ಇಲ್ಲ, ಅರ ಹಾಕಿ ಕೂರಿಸಬೇಕು. ಭಾನುವಾರ ಹೋದಾಗ ಅದನ್ನು ನೋಡುತ್ತೇನೆ.